ಚಂದ್ರವಳ್ಳಿಯ ಪಾಠ

ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣ ಅವರು, 1929ರ ಸುಮಾರಿಗೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿ, ಶಾತವಾಹನರ ಸೀಸದ ನಾಣ್ಯಗಳನ್ನೂ ರೋಮಿನ ಬೆಳ್ಳಿಯ ನಾಣ್ಯಗಳನ್ನೂ ಬೆಳಕಿಗೆ ತಂದು, ಕೆರೆಯ ಕಾರ್ಯವನ್ನು ಹೇಳುವ ಕದಂಬ ಮಯೂರಶರ್ಮನ ಪ್ರಾಕೃತ ಬಂಡೆಶಾಸನವನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದುದನ್ನು ನೆನೆದಾಗಲೆಲ್ಲ, ಇತಿಹಾಸ ವಿಭಾಗವೊಂದರ ಪರಂಪರೆಯು ಅದರ ಗುರುಗಳು ತುಳಿದ ನೆಲದಲ್ಲಿಯೇ ಬೇರೂರಿದೆಯೆಂಬ ಭಾವನೆ ನನ್ನಲ್ಲಿ ದೃಢವಾಗುತ್ತದೆ. 1947ರಲ್ಲಿ ಮಾರ್ಟಿಮರ್ ವ್ಹೀಲರರು ಇಲ್ಲಿಯೂ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿಯೂ ಉತ್ಖನನವನ್ನು ಕೈಕೊಂಡು, ದಕ್ಷಿಣ ಭಾರತದ ಪ್ರಾಚೀನ ಕಾಲಾನುಕ್ರಮಕ್ಕೆ ಅಸ್ತಿಭಾರವನ್ನಿಟ್ಟರು.

ಬರುವ ಏಪ್ರಿಲ್ 18ರ ವಿಶ್ವ ಪರಂಪರೆಯ ದಿನಕ್ಕೆ ನಮ್ಮ ಕಾಲೇಜುಗಳ ಪ್ರಾಂಗಣಗಳಲ್ಲಿ ಉಪನ್ಯಾಸಗಳು ಏರ್ಪಡಲಿ. ಅದರೊಡನೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿದ್ಯಾರ್ಥಿಗಳನ್ನು ಚಂದ್ರವಳ್ಳಿಯ ಆ ಶಾಸನದ ಬಂಡೆಯೆದುರು ನಿಲ್ಲಿಸಿ, ಸವೆದ ಬ್ರಾಹ್ಮೀ ಅಕ್ಷರಗಳನ್ನು ಓರೆಬೆಳಕಿನಲ್ಲಿ ಒಂದೊಂದಾಗಿ ಗುರುತಿಸಲು ಕಲಿಸುವ ಅರ್ಧ ದಿನವೂ ಕಾರ್ಯಕ್ರಮದಲ್ಲಿ ಸೇರಲೇಬೇಕು. ಹಾಗೆ ಒಮ್ಮೆ ಕಣ್ಣು ಪಳಗಿತೆಂದರೆ, ತಂತಮ್ಮ ಊರಿನ ಗುಡಿ, ಕೆರೆಯೇರಿ, ವೀರಗಲ್ಲುಗಳನ್ನು ಓದುವ, ಓದಿದುದನ್ನು ಕಾಪಾಡುವ ಹೊಣೆಯನ್ನು ಅವರು ತಾವಾಗಿಯೇ ಹೊರುವರು.