‘ಪರ್ಫಿಡಿ’ ಎಂಬ ಒಂದು ಶಬ್ದ

ಕಾನೂನು ಓದುತ್ತಿರುವ ನಮ್ಮ ಅಕ್ಕನ ಮಗನು ರಜೆಗೆ ಬಂದಿದ್ದಾಗ, “ಮಾಮಾ, ಇಂಗ್ಲಿಷಿನ ‘ಪರ್ಫಿಡಿ’ ಎಂದರೆ ವಿಶ್ವಾಸಘಾತವೇ ಅಲ್ಲವೇ?” ಎಂದು ಕೇಳಿದನು. ಹೌದೆಂದು ಹೇಳಿ ಸುಮ್ಮನಾಗಬಹುದಿತ್ತು. ಶಬ್ದಗಳ ಬೇರು ಹುಡುಕುವ ನಮ್ಮ ಹಳೆಯ ಚಟವು ಸುಮ್ಮನಿರಗೊಡಲಿಲ್ಲ.

ಅದರ ತವರು ಲ್ಯಾಟಿನ್. ‘ಫಿಡೆಸ್’ ಎಂದರೆ ನಂಬಿಕೆ, ಕೊಟ್ಟ ಮಾತು. ರೋಮನ್ನರು ಅದನ್ನು ದೇವತೆಯೆಂದೇ ಭಾವಿಸಿ ಕ್ಯಾಪಿಟೋಲಿನ್ ಬೆಟ್ಟದ ಮೇಲೆ ಗುಡಿ ಕಟ್ಟಿದ್ದರು. ನಮ್ಮ ಕೋರ್ಟುಗಳ ‘ಅಫಿಡವಿಟ್’ ಕೂಡ ಇದೇ ಬೇರಿನದು. ‘ಪರ್’ ಎಂದರೆ ಮೂಲಕ. ನಂಬಿಕೆಯ ಮೂಲಕ ವಂಚಿಸುವುದು ಎಂಬ ನುಡಿಗಟ್ಟಿನಿಂದ ಶಬ್ದವು ಹುಟ್ಟಿತೆಂದು ನಿಘಂಟುಕಾರರು ವಿವರಿಸುತ್ತಾರೆ. ನಮ್ಮ ‘ವಿಶ್ವಾಸಘಾತ’ದಲ್ಲಿ ಪೆಟ್ಟು ಬೀಳುವುದು ವಿಶ್ವಾಸಕ್ಕೆ, ಲ್ಯಾಟಿನ್ ಶಬ್ದದಲ್ಲಿಯಾದರೋ ವಿಶ್ವಾಸವೇ ಆಯುಧ. ನಂಬದವನಿಗೆ ಈ ಬಗೆಯ ದ್ರೋಹವನ್ನು ಮಾಡಲಾಗದು.

ಹುಡುಗನ ಪುಸ್ತಕದಲ್ಲಿ ಇದಕ್ಕೊಂದು ನಿದರ್ಶನವಿತ್ತು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೊಟೊಕಾಲಿನ 37ನೆಯ ವಿಧಿ. ಯುದ್ಧದಲ್ಲಿ ಮರೆವೇಷದಿಂದ ಅಡಗಬಹುದು, ಹುಸಿ ದಾಳಿ ಹೂಡಬಹುದು, ತಪ್ಪು ಸುದ್ದಿಯನ್ನೂ ಹಬ್ಬಿಸಬಹುದು. ಆದರೆ ಬಿಳಿ ಬಾವುಟ ತೋರಿಸಿ ಶರಣಾದಂತೆಯೋ, ಗಾಯಗೊಂಡು ಬಿದ್ದಂತೆಯೋ ನಟಿಸಿ, ಅದನ್ನು ನಂಬಿದವನನ್ನು ಕೊಲ್ಲುವಂತಿಲ್ಲ. “ವೈರಿಗೂ ಇಷ್ಟು ರಕ್ಷಣೆಯೇ!” ಎಂದು ಹುಡುಗನು ಬೆರಗಾದನು.

ನಮಗೆ ಮಾತು ಹೊರಡಲಿಲ್ಲ. ತಂದೆಯವರು ಲಿಂಗೈಕ್ಯರಾದ ವರ್ಷ, ಇವನ ತಾಯಿಯಿಂದ ನಾವೊಂದು ಕಾಗದಕ್ಕೆ ಸಹಿ ಹಾಕಿಸಿದ್ದೆವು. “ವಾರಸಾ ದಾಖಲೆಗೆ ಬೇಕು, ಅಕ್ಕಾ” ಎಂದಿದ್ದೆವು. ಅದು ಹೊಲದಲ್ಲಿ ಅವಳಿಗಿದ್ದ ಹಕ್ಕನ್ನು ಬಿಟ್ಟುಕೊಡುವ ಪತ್ರ. ಅಕ್ಕನಿಗೆ ಓದಲು ಬರುತ್ತಿತ್ತು. ಕನ್ನಡಕವು ಕೈಚೀಲದಲ್ಲಿಯೇ ಇತ್ತು. ತೆಗೆಯಲಿಲ್ಲ. “ಎಲ್ಲಿ ಹಾಕಲಿ, ತಮ್ಮಾ?” ಎಂದಷ್ಟೇ ಕೇಳಿದಳು. ಪರರು ನೀಡಿದ್ದರೆ ಓದದೆ ಬಿಡುತ್ತಿದ್ದಳೇ? ಅವಳ ಮದುವೆಗೆ ನಾವು ಸಾಲ ಮಾಡಿರಲಿಲ್ಲವೇ ಎಂದು ಇಷ್ಟು ವರ್ಷ ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು.

ಹುಡುಗನ ಕೈಯಲ್ಲಿ ಪತ್ರ ಕಳುಹಿಸುವ ಯೋಚನೆಯೂ ಸುಳಿಯಿತು. ಅದು ಹೇಡಿತನವೆನಿಸಿ, ಅವನೊಡನೆ ನಾವೇ ಬಸ್ಸು ಹತ್ತಿದೆವು. “ಕನ್ನಡಕ ಹಾಕಿಕೊಂಡು ಓದು, ಅಕ್ಕಾ” ಎಂದೆವು. ಅವಳು ಎರಡು ಸಲ ಓದಿ, ಮಡಚಿ, ನಮ್ಮ ಮುಂದಿಟ್ಟು, ಚಹಾ ಮಾಡಲು ಒಳಗೆ ಹೋದಳು.

ಅವಳ ಪಾಲನ್ನು ಹಿಂದಿರುಗಿಸುವ ಪತ್ರವನ್ನು ಈಗ ವಕೀಲರು ಬರೆಯುತ್ತಿದ್ದಾರೆ. ಮಗನು ಓದಿ ನೋಡಿದ ಮೇಲೆಯೇ ಸಹಿ ಮಾಡುವುದಾಗಿ ಅಕ್ಕ ಹೇಳಿ ಕಳುಹಿಸಿದ್ದಾಳೆ.