ನಮ್ಮ ಶಾಲೆಯ ಟೀಚರುಗಳಿಗೆ ಯಾವ ಆ್ಯಪ್ ಒಳ್ಳೆಯದು?

ಕಳೆದ ವರ್ಷ ನಮ್ಮ ಶಾಲೆಯ ಪಿಟಿಎ ಸಭೆಯಲ್ಲಿ ನನ್ನ ತಲೆಗೆ ಒಂದು ಕೆಲಸ ಬಂತು. ಟೀಚರುಗಳು ಪಾಠ, ಹೋಂವರ್ಕ್, ಪರೀಕ್ಷೆ, ಅಂಕ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಳ್ಳಲು ಯಾವ ವ್ಯವಸ್ಥೆ ಒಳ್ಳೆಯದೆಂದು ನೋಡಿ ಹೇಳಬೇಕು. ಇದಕ್ಕೆ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಎಲ್‌ಎಂಎಸ್ ಎನ್ನುತ್ತಾರೆ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಗಲ್ಫಿನಲ್ಲಿ ಕೆಲವು ವರ್ಷ ಎಸಿ ಮೆಂಟೆನೆನ್ಸ್ ಮಾಡಿ ಬಂದವನು, ಈಗ ಉಪ್ಪನ ಜಿನಸಿ ಅಂಗಡಿ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ನನ್ನ ವಿದ್ಯೆಯಲ್ಲ. ಆದರೆ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟರೆ ನಾನೇ ಬಿಚ್ಚಿ ಸರಿ ಮಾಡುತ್ತೇನೆ ಎಂದು ಊರಿಗೆಲ್ಲ ಗೊತ್ತು. ಹಾಗಾಗಿ ನನಗೇ ಒಪ್ಪಿಸಿದರು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಸ್ಥಿತಿ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ನಮ್ಮ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಸರಕಾರದ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ಕೇರಳದ ಎಸ್‌ಸಿಇಆರ್‌ಟಿ ಪಠ್ಯಪುಸ್ತಕಗಳು ಕನ್ನಡದಲ್ಲಿ ಸಿಗುತ್ತವೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ಆದರೆ ಪುಸ್ತಕಕ್ಕೂ ಪರೀಕ್ಷೆಗೂ ನಡುವೆ ಮಗುವಿಗೆ ಬೇಕಾದ ನೋಟ್ಸು, ಮಾದರಿ ಪ್ರಶ್ನೆ, ವೀಡಿಯೊ ಹುಡುಕಿದರೆ ಹೆಚ್ಚಿನವು ಮಲಯಾಳದಲ್ಲೇ ಇರುತ್ತವೆ. ಗಡಿಯಾಚೆ ಮಂಗಳೂರಿನ ಗೈಡ್ ತಂದರೆ ಅದು ಕರ್ನಾಟಕದ ಪಠ್ಯಕ್ಕೆ ಬರೆದದ್ದು, ನಮ್ಮ ಪಾಠಕ್ಕೆ ಹೊಂದುವುದಿಲ್ಲ. ನಡುವಿನ ಆ ಜಾಗವನ್ನು ತುಂಬುವವರು ನಮ್ಮ ಟೀಚರುಗಳೇ, ಅದೂ ರಾತ್ರಿ ಕುಳಿತು ಕೈಯಲ್ಲಿ ಬರೆದು.

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನಮ್ಮ ಯಾವ ಮನೆಯೂ ಮರೆಯುವಂಥದ್ದಲ್ಲ. ಶಾಲೆಗಳೂ ಮುಚ್ಚಿದವು. ಆ ವರ್ಷ ಜೂನ್ 1ಕ್ಕೆ ಕೇರಳದಲ್ಲಿ ಕೈಟ್ ಸಂಸ್ಥೆಯ ವಿಕ್ಟರ್ಸ್ ಚಾನೆಲ್ಲಿನಲ್ಲಿ ಫಸ್ಟ್ ಬೆಲ್ ಪಾಠ ಶುರುವಾಯಿತು. ಕನ್ನಡ ಮಾಧ್ಯಮಕ್ಕೂ ಪಾಠಗಳನ್ನು ಮಾಡಿದರು. ಆದರೆ ಟಿವಿ ಪಾಠ ಹೇಳಬಲ್ಲದು, ಮಗುವಿನ ಉತ್ತರ ತಿದ್ದಲಾರದು. ತಿದ್ದುವ ಕೆಲಸ ವಾಟ್ಸಾಪ್ ಗ್ರೂಪಿಗೆ ಬಂತು, ಇವತ್ತಿಗೂ ಅಲ್ಲೇ ಇದೆ. ಒಬ್ಬ ಟೀಚರಿಗೆ ಐದಾರು ಗ್ರೂಪ್. ನಲವತ್ತು ಮಕ್ಕಳ ನೋಟ್‌ಬುಕ್ಕಿನ ಫೋಟೊ, ನಡುವೆ ಯಾರದೋ ಮದುವೆಯ ಕಾರ್ಡ್, ಗುಡ್ ಮಾರ್ನಿಂಗ್ ಹೂವು. ಮೆಮೊರಿ ತುಂಬಿದಾಗ ಮನೆಯವರು ಮೊದಲು ಅಳಿಸುವುದು ಶಾಲೆಯ ಗ್ರೂಪನ್ನೇ.

ಎರಡು ಕಂಪೆನಿಯ ಪ್ರತಿನಿಧಿಗಳು ಶಾಲೆಗೆ ಬಂದು ತಮ್ಮ ಆ್ಯಪ್ ತೋರಿಸಿದರು. ಶಾಲೆಯದ್ದೇ ಹೆಸರು, ಶಾಲೆಯದ್ದೇ ಲೋಗೊ, ಮಗುವಿಗೆ ವರ್ಷಕ್ಕಿಷ್ಟು ದುಡ್ಡು. ನಾನು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ಮೂರು ವರ್ಷದ ಮೇಲೆ ನಮಗೆ ಇದು ಬೇಡ ಅನಿಸಿದರೆ, ಟೀಚರುಗಳು ಹಾಕಿದ ಪ್ರಶ್ನೆಗಳನ್ನೂ ಮಕ್ಕಳ ಅಂಕಗಳನ್ನೂ ಹೇಗೆ ವಾಪಸು ಕೊಡುತ್ತೀರಿ? ಒಬ್ಬರು ಪಿಡಿಎಫ್ ಕೊಡುತ್ತೇವೆ ಅಂದರು. ಇನ್ನೊಬ್ಬರು ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಅಂದರು, ಆಮೇಲೆ ಹೇಳಲಿಲ್ಲ.

ಈ ಪ್ರಶ್ನೆ ನನಗೆ ಬಂದದ್ದು ಅಂಗಡಿಯಿಂದ. ಉಪ್ಪನ ಉದ್ರಿ ಪುಸ್ತಕವನ್ನು ಒಂದು ಬಿಲ್ಲಿಂಗ್ ಸಾಫ್ಟ್‌ವೇರಿಗೆ ಹಾಕಿದ್ದೆವು. ಎರಡನೇ ವರ್ಷ ಅವರು ಬಾಡಿಗೆ ದುಪ್ಪಟ್ಟು ಮಾಡಿದರು. ಕಟ್ಟದಿದ್ದರೆ ಲಿಸ್ಟ್ ತೆರೆಯುವುದಿಲ್ಲ. ಯಾರು ಎಷ್ಟು ಕೊಡಬೇಕು ಎಂಬ ನಮ್ಮದೇ ಲೆಕ್ಕ ನೋಡಲು ನಾವೇ ದುಡ್ಡು ಕೊಡಬೇಕಾಯಿತು. ಪುಣ್ಯಕ್ಕೆ ಉಪ್ಪ ಹಳೆಯ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಮಕ್ಕಳ ಅಂಕವೂ ಟೀಚರುಗಳ ಪ್ರಶ್ನೆಯೂ ಅಂಥದ್ದೇ ಲೆಕ್ಕ. ಅದು ಶಾಲೆಯ ಕೈಯಲ್ಲೇ ಇರಬೇಕು.

ಉಳಿದದ್ದು ಮುಖ್ಯವಾಗಿ ಮೂರು ದಾರಿ.

ಒಂದು ದೀಕ್ಷಾ. ಕೇಂದ್ರ ಸರಕಾರ 2017ರಲ್ಲಿ ತಂದದ್ದು, ದುಡ್ಡು ಬೇಡ. ಟೀಚರುಗಳ ತರಬೇತಿಗೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠ ನೋಡಲಿಕ್ಕೆ ಒಳ್ಳೆಯದು. ಆದರೆ ನಮ್ಮ ಏಳನೇ ಕ್ಲಾಸಿನ ಮೂವತ್ತೆರಡು ಮಕ್ಕಳಿಗೆ ಇವತ್ತು ಸಂಜೆ ನಮ್ಮ ಟೀಚರ್ ಕೊಟ್ಟ ಐದು ಲೆಕ್ಕವನ್ನು ಪಡೆದು ತಿದ್ದಿ ಕೊಡುವ ಕೆಲಸ ಅದರದ್ದಲ್ಲ. ಅದನ್ನು ಲೈಬ್ರರಿ ಎಂದು ಇಟ್ಟುಕೊಳ್ಳಬಹುದು.

ಎರಡು ಗೂಗಲ್ ಕ್ಲಾಸ್‌ರೂಮ್. 2014ರಲ್ಲಿ ಬಂತು. ಕೇರಳದಲ್ಲಿ 2021ರ ಹೊತ್ತಿಗೆ ಕೈಟ್ ಸಂಸ್ಥೆ ಸರಕಾರಿ, ಅನುದಾನಿತ ಶಾಲೆಗಳ ಟೀಚರು, ಮಕ್ಕಳಿಗೆ ಗೂಗಲಿನ ಶಾಲಾ ಖಾತೆ ಕೊಡಲು ತೊಡಗಿತ್ತು. ಹಾಗಾಗಿ ನಮ್ಮ ಟೀಚರುಗಳಿಗೆ ಇದರ ಮುಖಪರಿಚಯ ಇದೆ. ಸರ್ವರ್ ನೋಡಿಕೊಳ್ಳುವ ತಲೆನೋವಿಲ್ಲ.

ಮೂರು ಮೂಡಲ್. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, ಮೊದಲ ಆವೃತ್ತಿ 2002ರಲ್ಲಿ. ಮುಕ್ತ ತಂತ್ರಾಂಶ. ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದರ ಮೊಬೈಲ್ ಆ್ಯಪಿನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಎಲ್ಲಕ್ಕಿಂತ ದೊಡ್ಡದು ಅದರ ಪ್ರಶ್ನೆ ಭಂಡಾರ. ಒಮ್ಮೆ ಹಾಕಿದ ಪ್ರಶ್ನೆಯನ್ನು ಪಾಠವಾರು ಜೋಡಿಸಿ ಇಡಬಹುದು, ಮುಂದಿನ ವರ್ಷ ಬೇಕಾದಷ್ಟನ್ನು ಆರಿಸಿ ಪರೀಕ್ಷೆ ಮಾಡಬಹುದು, ಸಾದಾ ಟೆಕ್ಸ್ಟ್ ಫೈಲಾಗಿ ಹೊರಗೆ ತೆಗೆಯಬಹುದು.

ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಒಂದು ವಿಷಯವಿದೆ. ಸರಪಳಿಯ ಶಕ್ತಿ ಲೆಕ್ಕ ಹಾಕುವಾಗ ಅದರ ಅತಿ ಬಡ ಕೊಂಡಿಯನ್ನು ನೋಡಬೇಕು. ಅದಕ್ಕೆ ನಾನು ಟೀಚರ್ಸ್ ರೂಮಿನ ಅತಿ ಹಳೆಯ ಫೋನನ್ನೂ, ಆ್ಯಪ್ ಎಂದರೆ ಅತಿ ಹೆದರುವ ಟೀಚರನ್ನೂ ಆರಿಸಿಕೊಂಡೆ. ಎರಡೂ ಒಬ್ಬರದ್ದೇ ಆಗಿತ್ತು, ಅವರು ನಕ್ಕು ಒಪ್ಪಿದರು. ಎರಡು ವಾರ ಕ್ಲಾಸ್‌ರೂಮ್, ಎರಡು ವಾರ ಮೂಡಲ್. ಕೆಲಸ ಮೂರೇ: ಬೋರ್ಡಿನ ಫೋಟೊ ಹಾಕುವುದು, ಕನ್ನಡದಲ್ಲಿ ಐದು ಪ್ರಶ್ನೆಯ ಪರೀಕ್ಷೆ ಮಾಡುವುದು, ಅಂಕಪಟ್ಟಿ ತೆಗೆಯುವುದು.

ಕ್ಲಾಸ್‌ರೂಮಿನಲ್ಲಿ ಮೂರನೇ ದಿನಕ್ಕೆ ಅವರಿಗೆ ನನ್ನ ಸಹಾಯ ಬೇಕಾಗಲಿಲ್ಲ. ಮೂಡಲ್‌ನಲ್ಲಿ ಎರಡನೇ ವಾರವೂ ಬೇಕಾಯಿತು. ಪರದೆಯ ಮೇಲೆ ಆಯ್ಕೆಗಳು ಹೆಚ್ಚು, ಎಲ್ಲವೂ ಕನ್ನಡದಲ್ಲಿ ಬರುವುದಿಲ್ಲ, ಅರ್ಧ ಇಂಗ್ಲಿಷ್. ಆದರೆ ಪ್ರಶ್ನೆ ಭಂಡಾರ ನೋಡಿದಾಗ ಅವರೇ, "ಇದು ಮೊದಲೇ ಇದ್ದಿದ್ದರೆ ಎಷ್ಟು ರಾತ್ರಿ ನಿದ್ದೆ ಉಳಿಯುತ್ತಿತ್ತು ಮಾರಾಯ" ಅಂದರು.

ಕನ್ನಡದ್ದೇ ಆದ ಕೆಲವು ತೊಂದರೆಗಳೂ ಗೊತ್ತಾದವು. ಇವನ್ನು ಯಾವ ಕಂಪೆನಿಯವರೂ ಹೇಳುವುದಿಲ್ಲ, ಹಾಗಾಗಿ ಬರೆಯುತ್ತೇನೆ. ಬಿಟ್ಟ ಸ್ಥಳ ತುಂಬಿಸಿ ಎಂಬ ಪ್ರಶ್ನೆಯನ್ನು ಯಂತ್ರ ತಿದ್ದುವಾಗ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮಗು 12 ಎಂದು ಬರೆದು ಟೀಚರು ೧೨ ಎಂದು ಉತ್ತರ ಕೊಟ್ಟಿದ್ದರೆ ತಪ್ಪು. ಒಂದು ಒತ್ತಕ್ಷರ ಬಿಟ್ಟರೂ ತಪ್ಪು. ಉತ್ತರ ಸರಿ ಇದ್ದೂ ಸೊನ್ನೆ ಬಂದ ಮಗು ಮತ್ತೆ ಆ ಆ್ಯಪ್ ತೆರೆಯುವುದಿಲ್ಲ. ಮೂಡಲ್‌ನಲ್ಲಿ ಒಂದು ಪ್ರಶ್ನೆಗೆ ಹಲವು ಸರಿಯುತ್ತರ ಕೊಟ್ಟಿಡಬಹುದು, ಆದರೂ ಯಂತ್ರಕ್ಕೆ ಬಿಡುವುದಾದರೆ ಆಯ್ದು ಬರೆಯುವ, ಹೊಂದಿಸಿ ಬರೆಯುವ ಪ್ರಶ್ನೆಗಳೇ ಕ್ಷೇಮ. ವಾಕ್ಯದಲ್ಲಿ ಉತ್ತರಿಸುವುದನ್ನು ಟೀಚರೇ ಓದಬೇಕು.

ಇನ್ನೊಂದು ಫಾಂಟಿನದ್ದು. ನಮ್ಮ ಗಣಿತ ಮಾಸ್ಟ್ರು ಈ ಮಾರ್ಚ್‌ನಲ್ಲಿ ನಿವೃತ್ತರಾಗುವವರಿದ್ದರು. ಇಪ್ಪತ್ತೆಂಟು ವರ್ಷದ ಪ್ರಶ್ನೆಪತ್ರಿಕೆಗಳನ್ನು ಜೋಪಾನ ಮಾಡಿದ್ದರು. ಹಳೆಯವು ಕೈಬರಹ, ಆಮೇಲಿನವು ಪೇಟೆಯ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿದವು. ಪೆನ್‌ಡ್ರೈವ್ ತಂದುಕೊಟ್ಟರು. ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮಾಸ್ಟ್ರ ಮುಖ ಸಪ್ಪಗಾಯಿತು. ಹಾಳಾದದ್ದು ಏನೂ ಇರಲಿಲ್ಲ. ಆಗಿನ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಈಗಿನ ಫೋನು, ಆ್ಯಪುಗಳಿಗೆ ಯೂನಿಕೋಡ್ ಬೇಕು. ಬದಲಾಯಿಸುವ ಉಚಿತ ಕನ್ವರ್ಟರುಗಳಿವೆ. ಆದರೆ ಭಿನ್ನರಾಶಿ, ಅರ್ಕಾವತ್ತು ಬಂದಲ್ಲಿ ಕೆಲವು ಎಡವುತ್ತವೆ, ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು. ಇದೇ ಶಾಲೆಯಲ್ಲಿ ಕಲಿತು ಈಗ ಡಿಗ್ರಿ ಓದುವ ಇಬ್ಬರು ಹುಡುಗಿಯರು ರಜೆಯಲ್ಲಿ ಕುಳಿತು ಅಷ್ಟನ್ನೂ ತಿದ್ದಿಕೊಟ್ಟರು. ಒಬ್ಬಳ ಉಮ್ಮ ಪ್ರತಿದಿನ ಚಾ ಮಾಡಿ ಕಳಿಸುತ್ತಿದ್ದರು.

ಆ ಪೆನ್‌ಡ್ರೈವ್ ನೋಡಿದ ಮೇಲೆ ನನಗೆ ವಿಷಯ ಬೇರೆಯಾಗಿ ಕಂಡಿತು. ನಾವೆಲ್ಲ ಮಕ್ಕಳ ಫೋನಿನಲ್ಲಿ ಏನು ಕಾಣುತ್ತದೆ ಎಂದೇ ಯೋಚಿಸುತ್ತಿದ್ದೆವು. ಆದರೆ ನಮ್ಮ ಶಾಲೆಗಳು ಕಳೆದುಕೊಳ್ಳುತ್ತಿರುವುದು ಟೀಚರುಗಳ ಕೆಲಸವನ್ನು. ಒಬ್ಬ ಮಾಸ್ಟ್ರು ನಿವೃತ್ತರಾದರೆ ಕೇರಳ ಪಠ್ಯದ ಗಣಿತವನ್ನು ಕನ್ನಡದಲ್ಲಿ ಕೇಳುವ ಇಪ್ಪತ್ತೆಂಟು ವರ್ಷದ ಅಭ್ಯಾಸ ಒಂದು ಕಪಾಟಿನೊಳಗೆ ಹೋಗುತ್ತದೆ. ಹೊಸಬರು ಬಂದು ಮೊದಲಿನಿಂದ ಬರೆಯಬೇಕು. ಹೊಸಬರು ಬರುತ್ತಾರೆ ಎಂಬ ಖಾತ್ರಿಯೂ ಇಲ್ಲ. ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಕನ್ನಡದಲ್ಲಿ ಓದಿದರೆ ಏನೂ ಸಿಗುವುದಿಲ್ಲ ಎಂದು ನಮ್ಮವರೇ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಬಸ್ಸಿಗೆ ಹತ್ತಿಸುವಾಗ, ನೋಡಿ ಇಷ್ಟು ಸಿಗುತ್ತದೆ ಎಂದು ತೋರಿಸಲು ಟೀಚರುಗಳ ಕೈಯಲ್ಲಿ ಏನಾದರೂ ಬೇಕು.

ಹಾಗಾಗಿ ನಾನು ಸಭೆಯಲ್ಲಿ ಎರಡು ಭಾಗ ಮಾಡಿ ಹೇಳಿದೆ. ಮಕ್ಕಳ ದಿನನಿತ್ಯದ ಕೆಲಸಕ್ಕೆ ಕ್ಲಾಸ್‌ರೂಮ್, ಆದರೆ ಟೀಚರುಗಳ ಸ್ವಂತ ಜಿಮೇಲ್‌ನಲ್ಲಿ ಅಲ್ಲ, ಶಾಲೆಯ ಖಾತೆಯಲ್ಲಿ. ಟೀಚರ್ ವರ್ಗವಾಗಿ ಹೋದರೂ ಕ್ಲಾಸು ಶಾಲೆಯಲ್ಲೇ ಉಳಿಯಬೇಕು. ಮಕ್ಕಳ ಮಾಹಿತಿಯ ದೃಷ್ಟಿಯಿಂದಲೂ ಅದೇ ಸರಿ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಟೀಚರುಗಳ ಪ್ರಶ್ನೆ ಭಂಡಾರಕ್ಕೆ ಮೂಡಲ್, ಅದೂ ನಮ್ಮೊಂದು ಶಾಲೆಗಲ್ಲ, ಸುತ್ತಲಿನ ಕನ್ನಡ ಮಾಧ್ಯಮ ಶಾಲೆಗಳು ಸೇರಿ ಒಂದು. ಶಾಲೆಯ ಹಳೆ ಕಂಪ್ಯೂಟರಿನಲ್ಲಿ ಹಾಕೋಣ ಎಂದು ಕೆಲವರು ಹೇಳಿದರು. ನಮ್ಮ ತುಲಾ ತಿಂಗಳ ಸಿಡಿಲಿಗೆ ಎಷ್ಟು ಮೋಡೆಮ್ ಸುಟ್ಟಿವೆ ಎಂದು ನೆನಪಿಸಿದೆ. ಹೊರಗೆ ಬಾಡಿಗೆ ಸರ್ವರ್, ತಿಂಗಳಿಗೊಮ್ಮೆ ಬ್ಯಾಕಪ್, ಅದರ ಒಂದು ಪ್ರತಿ ಆಫೀಸಿನ ಕಪಾಟಿನಲ್ಲಿ. ಖರ್ಚು ಶಾಲೆಗಳು ಹಂಚಿಕೊಂಡರೆ ಒಂದು ವಾರ್ಷಿಕೋತ್ಸವದ ಶಾಮಿಯಾನದಷ್ಟೂ ಆಗುವುದಿಲ್ಲ.

ಹೆಚ್ಚು ಚರ್ಚೆಯಾದದ್ದು ಫೋನಿಲ್ಲದ ಮಕ್ಕಳ ಬಗ್ಗೆ. ಒಂದು ಮನೆಯಲ್ಲಿ ಮೂರು ಮಕ್ಕಳಿಗೆ ಒಂದು ಫೋನ್, ಅದೂ ಉಪ್ಪ ಮೀನು ಮಾರಿ ಬಂದ ಮೇಲೆ ರಾತ್ರಿ ಸಿಗುವುದು. ಸಂಜೆ ಐದಕ್ಕೆ ಹೋಂವರ್ಕ್ ಗಡುವು ಇಟ್ಟರೆ ಆ ಮಕ್ಕಳು ಪ್ರತಿದಿನ ತಡ ಎಂದೇ ಪಟ್ಟಿಯಲ್ಲಿ ಬರುತ್ತಾರೆ. ಗಡುವು ಮರುದಿನದ ಬೆಲ್ಲಿಗೆ ಇರಲಿ, ಕಾಗದದಲ್ಲಿ ಬರೆದು ತಂದದ್ದಕ್ಕೂ ಅಷ್ಟೇ ಅಂಕ ಇರಲಿ ಎಂದು ಒಬ್ಬರು ತಾಯಿ ಎದ್ದು ಹೇಳಿದರು. ಹಾಗೇ ಬರೆದುಕೊಂಡೆವು. ಹಾಜರಿ ಪುಸ್ತಕವೂ ಅಂಕದ ರಿಜಿಸ್ಟರೂ ಮೊದಲಿನಂತೆ ಕಾಗದದಲ್ಲಿ ಇರುತ್ತವೆ.

ನಮ್ಮ ಮನೆಗಳಿಗೆ ಸಂಬಂಧಪಟ್ಟ ಇನ್ನೊಂದು ಮಾತು. ವಿಜ್ಞಾನದ ಟೀಚರ್ ನಮ್ಮವರೇ, ಬ್ಯಾರಿ ಮನೆಯವರು. ಪಾಠದ ಜೊತೆ ಮೂರು ನಿಮಿಷದ ಧ್ವನಿ ಹಾಕುತ್ತಾರೆ, ಕಷ್ಟದ ಭಾಗವನ್ನು ಬ್ಯಾರಿಯಲ್ಲಿ ವಿವರಿಸಿ, ಕೊನೆಗೆ ಕನ್ನಡದ ಶಬ್ದ ಹೇಳಿ ಮುಗಿಸುತ್ತಾರೆ. ದ್ಯುತಿಸಂಶ್ಲೇಷಣೆ ಎಂಬ ಶಬ್ದಕ್ಕೆ ಹೆದರುವ ಮಗು, ಎಲೆ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ ಎಂದು ಮನೆಮಾತಿನಲ್ಲಿ ಕೇಳಿದರೆ ಹೆದರುವುದಿಲ್ಲ. ವಾಟ್ಸಾಪಿನಲ್ಲಿ ಆ ಧ್ವನಿ ಎರಡು ದಿನಕ್ಕೆ ಎಲ್ಲೋ ಮುಳುಗುತ್ತಿತ್ತು. ಈಗ ಪಾಠದ ಕೆಳಗೇ ಇದೆ. ಬೀಡಿ ಕಟ್ಟುತ್ತಾ ಉಮ್ಮಂದಿರೂ ಕೇಳುತ್ತಾರಂತೆ.

ಈಗ ಭಂಡಾರದಲ್ಲಿ ಗಣಿತ, ವಿಜ್ಞಾನ ಎರಡೇ ಇವೆ. ಸಮಾಜ ವಿಜ್ಞಾನದ ಟೀಚರುಗಳು ಇನ್ನೂ ಒಪ್ಪಿಲ್ಲ, ತಮ್ಮ ಪ್ರಶ್ನೆ ಬೇರೆ ಶಾಲೆಗೆ ಹೋಗುವುದು ಅವರಿಗೆ ಅಷ್ಟು ಸರಿ ಕಾಣುವುದಿಲ್ಲ. ಆ ಮಾತಿನಲ್ಲೂ ನ್ಯಾಯವಿದೆ. ಪ್ರಶ್ನೆಯ ಕೆಳಗೆ ಬರೆದವರ ಹೆಸರು ಇರಬೇಕು ಎಂದು ಈ ತಿಂಗಳ ಸಭೆಗೆ ಇಟ್ಟಿದ್ದೇವೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಯಾವುದಾದರೂ ಆ್ಯಪಿನ ಮಾತು ಬಂದರೆ, ದಯವಿಟ್ಟು ದುಡ್ಡೆಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಕನ್ನಡ ಪ್ರಶ್ನೆಪತ್ರಿಕೆ ಒಂದನ್ನು ಅಲ್ಲೇ ತೆರೆದು ತೋರಿಸಲು ಹೇಳಿ. ಬಿಡುವಾಗ ನಮ್ಮ ಲೆಕ್ಕ ನಮಗೆ ಹೇಗೆ ಸಿಗುತ್ತದೆ ಕೇಳಿ. ಫೋನಿಲ್ಲದ ಮಗುವಿಗೆ ಏನು ದಾರಿ ಕೇಳಿ. ನಿವೃತ್ತರಾದ ಮಾಸ್ಟ್ರೋ ಟೀಚರೋ ನಿಮ್ಮ ನೆರೆಯಲ್ಲಿದ್ದರೆ, ಅವರ ಕಪಾಟಿನಲ್ಲಿ ಏನಿದೆ ಎಂದು ಈ ರಜೆಯಲ್ಲಿ ಹೋಗಿ ವಿಚಾರಿಸಿ. ಟೈಪ್ ಮಾಡಲು ನಮ್ಮ ಆ ಇಬ್ಬರು ಹುಡುಗಿಯರು ತಯಾರಿದ್ದಾರೆ.