ನೆಕರ್ ದಂಡೆಯ ಎರಡು ವಿದ್ಯಾನಗರಿಗಳು

ಮಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಆ ನೆಪದಿಂದ 2023ರ ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಪುಣೆಯಿಂದ ದಕ್ಷಿಣ ಜರ್ಮನಿಗೆ ಹೋಗಿಬಂದೆವು. ಆ ರಾಜ್ಯದ ಹೆಸರು ಬಾಡೆನ್-ವ್ಯುರ್ಟೆಂಬರ್ಗ್. ಬಾಯಿಗೆ ಒಗ್ಗಲು ನನಗೆ ಎರಡು ದಿನ ಬೇಕಾಯಿತು.

ಮೊದಲು ಹೈಡೆಲ್‌ಬರ್ಗ್ ನೋಡಿದೆವು. 1386ರಲ್ಲಿ ಸ್ಥಾಪನೆಯಾದ ಅಲ್ಲಿನ ವಿಶ್ವವಿದ್ಯಾಲಯವೇ ಇಂದಿನ ಜರ್ಮನಿಯಲ್ಲಿ ಅತ್ಯಂತ ಹಳೆಯದು. ಕೆಳಗೆ ನೆಕರ್ ನದಿ, ಮೇಲೆ ಗುಡ್ಡದಲ್ಲಿ ಅರ್ಧ ಕುಸಿದ ಕೆಂಪು ಕಲ್ಲಿನ ಕೋಟೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಾದ ನನಗೆ ಈ ಊರು ಮಾರ್ಕ್ ಟ್ವೇನ್‌ನ ಪ್ರವಾಸ ಪುಸ್ತಕದಿಂದ ಪರಿಚಯ. ಜರ್ಮನ್ ಭಾಷೆಯ ಕಷ್ಟವನ್ನು ಆತ ಅದರಲ್ಲಿ ಮನಸಾರೆ ಗೇಲಿ ಮಾಡಿದ್ದಾನೆ. ನಮ್ಮ ಯುವ ಓದುಗರಿಗೆ ಮಾತ್ರ ಕೋಟೆಗಿಂತ ವಿದ್ಯಾರ್ಥಿಗಳ ಸೆರೆಮನೆಯೇ ಹಿಡಿಸೀತು. ಕುಡಿದು ಗಲಾಟೆ ಮಾಡಿದ, ರಾತ್ರಿ ಊರಿನವರ ನಿದ್ದೆ ಕೆಡಿಸಿದ ಹುಡುಗರನ್ನು ವಿಶ್ವವಿದ್ಯಾಲಯವೇ ಅಲ್ಲಿ ಕೂಡಿಹಾಕುತ್ತಿತ್ತು. 1914ರವರೆಗೂ ಇದು ನಡೆಯಿತು. ಗೋಡೆ, ಚಾವಣಿಗಳ ತುಂಬ ಅವರು ಬಿಡಿಸಿಕೊಂಡ ಚಿತ್ರಗಳು, ಬರೆದುಕೊಂಡ ಹೆಸರುಗಳು. ಒಂದು ಸಲವಾದರೂ ಒಳಗೆ ಹೋಗಿಬಂದವನಿಗೇ ಗೆಳೆಯರಲ್ಲಿ ಮರ್ಯಾದೆಯಂತೆ!

ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ಬಂದು ಟ್ಯೂಬಿಂಗೆನ್ ರೈಲು ಹಿಡಿದೆವು. ದಾರಿಯಲ್ಲಿ ಎಸ್ಲಿಂಗೆನ್ ಎಂಬ ಸ್ಟೇಷನ್ ಬಂತು. ಆ ಹೆಸರು ಓದಿ ನಾನು ಸೀಟಿನಿಂದ ಎದ್ದೇಬಿಟ್ಟೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಆತ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಸುತ್ತಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಮಗಳು, “ಅಮ್ಮ, ಕೂತ್ಕೋ” ಎಂದಳು.

ಟ್ಯೂಬಿಂಗೆನ್ ಚಿಕ್ಕ ಊರು. ಸುಮಾರು ತೊಂಬತ್ತು ಸಾವಿರ ಜನರಿರುವಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳು. 1477ರಲ್ಲಿ ಎಬರ್‌ಹಾರ್ಟ್ ಎಂಬ ದೊರೆ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ ಊರೇ ಅದರ ಅಂಗಳವಾದಂತಿದೆ. ಇಲ್ಲಿನ ಹಳೆಯ ಮಠದಂಥ ವಿದ್ಯಾರ್ಥಿನಿಲಯದಲ್ಲಿ ಕೆಪ್ಲರ್ ಇದ್ದ. ಇನ್ನೂರು ವರ್ಷಗಳ ತರುವಾಯ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಅಲ್ಲಿಯೇ ಜೊತೆಯಾಗಿ ಓದಿದರು. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಹೋಲ್ಡರ್ಲಿನ್‌ನನ್ನು 1807ರಲ್ಲಿ ಒಬ್ಬ ಬಡಗಿ ತನ್ನ ಮನೆಗೆ ಕರೆತಂದ. ಕವಿ ಸಾಯುವವರೆಗೆ, ಮೂವತ್ತಾರು ವರ್ಷ, ಆ ಮನೆಯವರು ನೋಡಿಕೊಂಡರು. ನದಿಗೆ ಮುಖ ಮಾಡಿದ ಆ ಹಳದಿ ಗೋಪುರದ ಮುಂದೆ ನನಗೆ ಕವಿಗಿಂತ ಬಡಗಿಯ ಮನೆಯವರೇ ಹೆಚ್ಚು ನೆನಪಾದರು. ಬೆಟ್ಟದ ಮೇಲಿನ ಅರಮನೆಯ ಹಳೆಯ ಅಡುಗೆಮನೆಯೇ ಒಂದು ಕಾಲಕ್ಕೆ ಪ್ರಯೋಗಾಲಯವಾಗಿತ್ತು. ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು 1869ರಲ್ಲಿ ಮೀಷರ್ ಮೊದಲು ಬೇರ್ಪಡಿಸಿದ್ದು ಅಲ್ಲಿ. ಅಡುಗೆಮನೆಯಲ್ಲಿ ಆಗದ ಕೆಲಸವಿಲ್ಲ ಎಂದು ಯಜಮಾನರಿಗೆ ಹೇಳಿದೆ. ಅವರು ಕೇಳಿಸದವರಂತೆ ಮುಂದೆ ನಡೆದರು.

ಸಂಜೆ ಸೇತುವೆಯ ಮೇಲೆ ನಿಂತು ಮಗಳಿಗೆ ಕಿಟೆಲ್‌ನ ಕಥೆ ಹೇಳಿದೆ. ನಮ್ಮ ತಂದೆಯವರ ಮೇಜಿನ ಮೇಲಿದ್ದ ದಪ್ಪ ಕನ್ನಡ-ಇಂಗ್ಲಿಷ್ ಕೋಶ ಆತನದು. 1853ರಲ್ಲಿ ಹಡಗಿನಲ್ಲಿ ನಮ್ಮ ನಾಡಿಗೆ ಬಂದು ಭಾಷೆ ಕಲಿತು, ಸುಮಾರು ಎಪ್ಪತ್ತು ಸಾವಿರ ಪದಗಳ ಆ ಕೋಶವನ್ನು 1894ರಲ್ಲಿ ಹೊರತಂದ. ಎರಡು ವರ್ಷದ ಅನಂತರ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಆತನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಮಗಳು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, “ಅಷ್ಟು ಪದ ನನಗೆ ಯಾವ ಭಾಷೆಯಲ್ಲೂ ಗೊತ್ತಿಲ್ಲಮ್ಮ” ಎಂದಳು.

ಅವಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬಾರದು. ತಪ್ಪು ಅವಳದಲ್ಲ. ಶಾಲೆಯ ಪಾಠವೇ ಬೇಕಾದಷ್ಟಿದೆ, ರಜೆಯಲ್ಲಿ ಕಲಿಸಿದರಾಯಿತು ಎಂದು ಪ್ರತಿ ವರ್ಷ ಮುಂದೂಡಿದವಳು ನಾನು.

ಅವಳು ಬಾಡಿಗೆಗಿದ್ದ ಮನೆಯ ಅಜ್ಜಿ ನಮ್ಮನ್ನು ಕಾಫಿಗೆ ಕರೆದರು. ಅವರ ಹತ್ತಿರ ಒಂದು ಪುಸ್ತಕವಿತ್ತು. ಮನೆಯಲ್ಲಿದ್ದ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ಲಿಪಿಯಲ್ಲಿ ಹೆಸರು ಬರೆದಿದ್ದರು: ಚೀನಿ, ಅರಬ್ಬಿ, ಗ್ರೀಕ್. ನಮ್ಮವಳು ದೇವನಾಗರಿಯಲ್ಲಿ ಬರೆದಿದ್ದಳು. ಇದು ನಿಮ್ಮ ಮನೆಯ ಭಾಷೆಯೇ ಎಂದು ಅಜ್ಜಿ ನನ್ನನ್ನು ಕೇಳಿದರು. ನಾನು ಉತ್ತರಕ್ಕೆ ತಡವರಿಸುತ್ತಿರುವಾಗ ಮಗಳೇ ಅಲ್ಲವೆಂದು ಜರ್ಮನ್‌ನಲ್ಲಿ ಏನೇನೋ ವಿವರಿಸಿದಳು. ಮಾತಿನ ನಡುವೆ ಕಿಟೆಲ್ ಎಂಬುದೊಂದು ಮಾತ್ರ ನನಗೆ ತಿಳಿಯಿತು.

ಆಮೇಲೆ ಒಂದು ಕಾಗದದ ಚೂರನ್ನು ನನ್ನ ಮುಂದೆ ತಳ್ಳಿ, “ನೀನು ಬರಿ ಅಮ್ಮ, ನಾನು ನೋಡಿಕೊಂಡು ಬರೀತೀನಿ” ಎಂದಳು. ಅವಳ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ. ಅದನ್ನು ಎಲ್ಲಿ ಇಡಬೇಕೆಂದು ಎರಡು ಸಲ ಕೇಳಿದಳು. ಬರೆದಾಗ ಅದು ಕೆಳಗಿನ ಗೆರೆಯನ್ನೂ ದಾಟಿ ಇಳಿಯಿತು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಪಕ್ಕದಲ್ಲಿ ಅಂದಿನ ತಾರೀಖು ಬರೆದರು.